ದಾಖಲೆ ಪುಸ್ತಕಗಳು ಬೆಳೆದು ಬಂದ ಬಗೆ

ದೇವಾಲಯವೊಂದರ ಚರಿತ್ರೆಯನ್ನು ಬರೆಯ ಹೊರಟವರು ಮೊದಲು ಕೈಗೆತ್ತಿಕೊಳ್ಳುವುದು ಗುರುನಿವಾಸದ ಕಪಾಟಿನಲ್ಲಿರುವ ದಾಖಲೆ ಪುಸ್ತಕಗಳನ್ನು. ಆ ಪುಸ್ತಕಗಳಿಗೂ ತಮ್ಮದೇ ಆದ ಚರಿತ್ರೆಯೊಂದುಂಟು.

ಹದಿನಾರನೆಯ ಶತಮಾನದ ನಡುಭಾಗದವರೆಗೆ, ವಧೂವರರ ಪರಸ್ಪರ ಸಮ್ಮತಿಯೊಂದಿದ್ದರೆ ಸಾಕ್ಷಿಗಳಿಲ್ಲದೆ ಗುಟ್ಟಾಗಿ ನಡೆದ ವಿವಾಹವೂ ಸಿಂಧುವಾಗುತ್ತಿತ್ತು. ಪತಿಯಾದವನು ಅದನ್ನು ಅಲ್ಲಗಳೆದು ಮತ್ತೊಬ್ಬಳ ಕೈಹಿಡಿದರೆ, ಮೊದಲನೆಯವಳಿಗೆ ತೋರಿಸಲು ಆಧಾರವೇ ಇರುತ್ತಿರಲಿಲ್ಲ. ಈ ಅನ್ಯಾಯವನ್ನು ತಡೆಯಲೆಂದು ಟ್ರೆಂಟ್ ಮಹಾಸಭೆಯು 1563ರ ನವೆಂಬರ್ 11ರಂದು, ವಿವಾಹವು ಗುರುಗಳ ಹಾಗೂ ಸಾಕ್ಷಿಗಳ ಸಮ್ಮುಖದಲ್ಲಿಯೇ ಜರುಗತಕ್ಕದ್ದೆಂದು ವಿಧಿಸಿತು. ದಂಪತಿಗಳ ಹಾಗೂ ಸಾಕ್ಷಿಗಳ ಹೆಸರು, ದಿನ, ಸ್ಥಳ ಇವಿಷ್ಟನ್ನೂ ಪುಸ್ತಕದಲ್ಲಿ ಬರೆದಿಡಬೇಕೆಂದಿತು.

ಆದರೆ ಒಬ್ಬೊಬ್ಬ ಗುರುವೂ ಒಂದೊಂದು ರೀತಿಯಲ್ಲಿ ಬರೆದರೆ ಪ್ರಯೋಜನವೇನು? ಐದನೆಯ ಪೌಲ್ ಜಗದ್ಗುರುಗಳು 1614ರಲ್ಲಿ ಹೊರಡಿಸಿದ ರೋಮನ್ ವಿಧಿಗ್ರಂಥವು ಜ್ಞಾನಸ್ನಾನ, ದೃಢೀಕರಣ, ವಿವಾಹ, ಮರಣ ಹಾಗೂ ಕುಟುಂಬಗಳ ಸ್ಥಿತಿಗತಿ ಎಂಬ ಐದು ಪುಸ್ತಕಗಳಿಗೆ ಬರವಣಿಗೆಯ ಮಾದರಿಗಳನ್ನು ಕೊಟ್ಟಿತು. ಇವುಗಳಲ್ಲಿ ಐದನೆಯದರ ರಚನೆ ಗಮನಾರ್ಹವಾದುದು. ಪ್ರತಿಯೊಂದು ಕುಟುಂಬವನ್ನೂ ಬೇರೆಬೇರೆಯಾಗಿ, ನಡುವೆ ಜಾಗ ಬಿಟ್ಟು ಬರೆಯಬೇಕು. ಮನೆಯಲ್ಲಿ ವಾಸಿಸುವ ಪರಸ್ಥಳದವರನ್ನೂ ಸೇರಿಸಿ ಎಲ್ಲರ ಹೆಸರು, ವಯಸ್ಸು ನಮೂದಿಸಬೇಕು. ಪರಮಪ್ರಸಾದ ಸ್ವೀಕರಿಸುವವರಿಗೆ ಅಂಚಿನಲ್ಲಿ ಒಂದು ಗುರುತು, ದೃಢೀಕರಣ ಹೊಂದಿದವರಿಗೆ ಇನ್ನೊಂದು. ಊರು ಬಿಟ್ಟು ಹೋದವರ ಹೆಸರಿನ ಕೆಳಗೆ ಒಂದು ಗೆರೆ. ಮನೆಮನೆಗೆ ತೆರಳುವ ಗುರುವಿಗೆ ಯಾರನ್ನು ಇನ್ನೂ ಸಿದ್ಧಗೊಳಿಸಬೇಕೆಂಬುದು ಪುಟ ತೆರೆದೊಡನೆ ಕಾಣುತ್ತಿತ್ತು.

ಇಷ್ಟಾದರೂ ಒಂದು ಕೊರತೆ ಉಳಿದಿತ್ತು. ಜ್ಞಾನಸ್ನಾನ ಒಂದೂರಿನಲ್ಲಿ, ವಿವಾಹ ಇನ್ನೊಂದೂರಿನಲ್ಲಿ ಆದರೆ ಆ ಎರಡು ಪುಸ್ತಕಗಳಿಗೆ ಸಂಬಂಧವಿರಲಿಲ್ಲ. ಹತ್ತನೆಯ ಪಿಯುಸ್ ಜಗದ್ಗುರುಗಳ ಕಾಲದಲ್ಲಿ, 1907ರಲ್ಲಿ ಹೊರಟ ಆಜ್ಞೆಯು ಇದನ್ನು ಸರಿಪಡಿಸಿತು. ವಿವಾಹವಾದೊಡನೆ ಜ್ಞಾನಸ್ನಾನದ ಧರ್ಮಕೇಂದ್ರಕ್ಕೆ ಸುದ್ದಿ ಕಳುಹಿಸಿ, ಅಲ್ಲಿನ ಪುಸ್ತಕದಲ್ಲಿಯೂ ಅದನ್ನು ಬರೆಯಿಸುವ ಕಟ್ಟಳೆ 1908ರ ಪಾಸ್ಕ ಹಬ್ಬದಿಂದ ಜಾರಿಗೆ ಬಂದಿತು. 1983ರ ಧರ್ಮಸಭಾ ಸಂಹಿತೆಯ 535ನೆಯ ನಿಯಮದಲ್ಲಿಯೂ ಇದು ಉಳಿದಿದೆ. ಹೀಗೆ ಒಬ್ಬ ವ್ಯಕ್ತಿ ಎಲ್ಲಿಯೇ ನೆಲೆಸಲಿ, ಆತನ ಬಾಳಿನ ಮುಖ್ಯ ಸಂಗತಿಗಳು ಜ್ಞಾನಸ್ನಾನದ ಆ ಒಂದೇ ಪುಟಕ್ಕೆ ಬಂದು ಸೇರುತ್ತವೆ.

ಬರೆಯಬೇಕಾದುದು ಅಲ್ಪ, ಆದರೆ ಎಲ್ಲೆಡೆಯೂ ಒಂದೇ ಕ್ರಮ, ಪುಸ್ತಕ ಪುಸ್ತಕಕ್ಕೆ ನಂಟು: ನಾಲ್ಕು ಶತಮಾನಗಳ ಈ ವ್ಯವಸ್ಥೆಯ ಸಾರವಿಷ್ಟೇ. ಆದರೆ ಗುರುವಿನ ಲೇಖನಿಗೆ ಭಕ್ತಾದಿಗಳ ನೆರವೂ ಬೇಕು. ಮಗುವಿನ ಹೆಸರನ್ನು ಸರಿಯಾಗಿ ತಿಳಿಸಿರಿ. ದೂರದ ಊರಿನಲ್ಲಿ ವಿವಾಹವಾದ ಮಕ್ಕಳ ಸುದ್ದಿ ಇಲ್ಲಿಗೆ ತಲುಪಿತೇ ಎಂದು ವಿಚಾರಿಸಿರಿ. ಮುಂದೊಂದು ದಿನ ಅವರ ಹಕ್ಕಿಗೆ ಆ ಒಂದು ಸಾಲೇ ಸಾಕ್ಷಿಯಾದೀತು.