ಊರ ಬೀದಿಗೆ ಡಾಂಬರೋ, ಕಾಂಕ್ರೀಟೋ?

ಹೊಸೂರಿನಿಂದ ಸಾನಮಾವು ಹಾದು ರಾಯಕೋಟೆಗೆ ಹೋಗುವ ದಾರಿ ಇಂದು ನೆನ್ನೆಯದಲ್ಲ. 1791ರಲ್ಲಿ ಕಾರ್ನ್‌ವಾಲಿಸನ ಸೇನೆಯು ಟಿಪ್ಪು ಸುಲ್ತಾನನಿಂದ ಹೊಸೂರು, ರಾಯಕೋಟೆಗಳನ್ನು ವಶಪಡಿಸಿಕೊಂಡದ್ದು ಕೆಳನಾಡಿನಿಂದ ದವಸಧಾನ್ಯ ಮೇಲೇರಿ ಬರುವ ಕಣಿವೆದಾರಿಯನ್ನು ಕೈಗೆ ತಂದುಕೊಳ್ಳುವುದಕ್ಕಾಗಿಯೇ. ಅಂದು ದಾರಿಯೆಂದರೆ ಬರಿಯ ಮಣ್ಣು. ಮಳೆ ಹಿಡಿದರೆ ಗಾಡಿಗಳು ಅಚ್ಚಿನವರೆಗೆ ಹೂತು ನಿಲ್ಲುತ್ತಿದ್ದವು.

1816ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ನಗರದ ರಸ್ತೆಗಳ ಹೊಣೆ ಹೊತ್ತ ಮೆಕಡಮ್ ಎಂಬುವರು ಇದಕ್ಕೊಂದು ಪರಿಹಾರ ಕಂಡರು. ಒಡೆದ ಸಣ್ಣ ಜಲ್ಲಿಯನ್ನು ಒತ್ತಾಗಿ ಹರಡಿ, ನಡುವೆ ಉಬ್ಬು ಕೊಟ್ಟು, ನೀರು ಎರಡೂ ಬದಿಯ ಚರಂಡಿಗೆ ಇಳಿಯುವಂತೆ ಮಾಡುವುದೇ ಆ ಕ್ರಮ. ಕಲ್ಲಿಗೆ ಬರವಿಲ್ಲದ ನಮ್ಮ ಸೀಮೆಗೆ ಇದು ಹೇಳಿ ಮಾಡಿಸಿದಂತಿತ್ತು. ಆದರೆ ಎತ್ತಿನ ಗಾಡಿಯ ಕಬ್ಬಿಣದ ಪಟ್ಟಿ ಜಲ್ಲಿಯನ್ನು ಅರೆದು ಪುಡಿ ಮಾಡಿತು. ಮೇಲೆ ಬಂದ ಮೋಟಾರುಗಳು ಆ ಪುಡಿಯನ್ನೆಲ್ಲ ಎಬ್ಬಿಸಿ ಊರಿನ ಮೇಲೆ ಸುರಿದವು. ಆ ಧೂಳನ್ನು ಹಿಡಿದು ಕೂರಿಸಲು ಬಂದದ್ದೇ ಡಾಂಬರು, ಇಲ್ಲಿನ ಜನರ ಬಾಯಲ್ಲಿ ತಾರು. ಮೊದಲು ಇದನ್ನು ಕಲ್ಲಿದ್ದಲಿನಿಂದ ತೆಗೆಯುತ್ತಿದ್ದರು. ಈಗ ಬರುವುದು ಕಚ್ಚಾ ತೈಲದಿಂದ ಪೆಟ್ರೋಲು, ಡೀಸೆಲು ತೆಗೆದ ಮೇಲೆ ಉಳಿಯುವ ಗಸಿ. ಆದ್ದರಿಂದಲೇ ತೈಲದ ಬೆಲೆ ಏರಿದಾಗ ಇದರ ಬೆಲೆಯೂ ಏರುತ್ತದೆ.

ಕಾಂಕ್ರೀಟು ರಸ್ತೆ ಇತ್ತೀಚಿನ ಹುಚ್ಚೆಂದು ತಿಳಿದವರುಂಟು. ಮುಂಬಯಿಯ ಮರೀನ್ ಡ್ರೈವ್ ರಸ್ತೆಗೆ 1940ರ ಸುಮಾರಿಗೆ ಹಾಕಿದ ಕಾಂಕ್ರೀಟು ಏಳು ದಶಕಗಳ ಕಾಲ ಬಾಳಿತು. ಬೆಂಗಳೂರಿನಲ್ಲಿ ಹಳೆಯ ಡಾಂಬರಿನ ಮೇಲೆ ಕಾಂಕ್ರೀಟು ಹೊದಿಸುವ ಕೆಲಸ ದೊಡ್ಡದಾಗಿ ನಡೆದದ್ದು ಈ ಶತಮಾನದಲ್ಲಿ.

ಡಾಂಬರಿಗೆ ಶತ್ರು ನಿಂತ ನೀರು. ಕಾಂಕ್ರೀಟಿಗೆ ಶತ್ರು ಅವಸರ. ಡಾಂಬರು ಹಾಕಿದ ದಿನವೇ ಬಸ್ಸು ಓಡಿಸಬಹುದು, ಗುಂಡಿ ಬಿದ್ದರೆ ತೇಪೆ ಹಾಕಬಹುದು. ಕಾಂಕ್ರೀಟಿಗಾದರೋ ಎರಡು ವಾರ ಮೈ ಒಣಗದಂತೆ ನೀರು ಕಟ್ಟಬೇಕು. ಪೂರ್ಣ ಬಲ ಬರಲು 28 ದಿನ ಬೇಕು. ಉತ್ಸವಕ್ಕೆ ಹತ್ತು ದಿನವಿರುವಾಗ ಕಾಂಕ್ರೀಟು ಸುರಿಯುವುದು ಹಣವನ್ನು ಚರಂಡಿಗೆ ಸುರಿದಂತೆಯೇ ಸರಿ. ಕುಡಿಯುವ ನೀರಿನ ಪೈಪು ಹೂಳುವುದು ಬಾಕಿಯಿದ್ದರೂ ತಡೆಯುವುದೇ ಲೇಸು, ಏಕೆಂದರೆ ಒಮ್ಮೆ ಅಗೆದ ಕಾಂಕ್ರೀಟು ಮೊದಲಿನಂತೆ ಕೂಡಿಕೊಳ್ಳುವುದಿಲ್ಲ.

ತೇರು ಹರಿಯುವ ಬೀದಿಯ ಮಾತು ಬೇರೆ. ಹೊಸೂರಿನ ಶ್ರೀ ಚಂದ್ರಚೂಡೇಶ್ವರನ ತೇರಿನಿಂದಲೇ ತೇರುಪೇಟೆಗೆ ಆ ಹೆಸರು. ತೇರಿನ ಭಾರವೆಲ್ಲ ಕೆಲವೇ ಚಕ್ರಗಳ ಮೇಲೆ ಬೀಳುತ್ತದೆ. ತೇರು ಒಂದೆಡೆ ನಿಂತರೆ ಬಿಸಿಲಿಗೆ ಮೆದುವಾದ ಡಾಂಬರು ತಗ್ಗುತ್ತದೆ. ಕಡುಬೇಸಿಗೆಯ ಮಧ್ಯಾಹ್ನ ಡಾಂಬರಿನ ಮೈ 60 ಡಿಗ್ರಿಯ ಆಸುಪಾಸಿಗೆ ಕಾಯುವುದುಂಟು. ಬರಿಗಾಲಿನಲ್ಲಿ ಹಗ್ಗ ಹಿಡಿದವರಿಗೆ ಅದರ ಬಿಸಿಯನ್ನು ವಿವರಿಸಿ ಹೇಳಬೇಕಿಲ್ಲ. ಬಿಳುಪಾದ ಕಾಂಕ್ರೀಟು ಅಷ್ಟು ಕಾಯದು. ಆದರೆ ಅದನ್ನು ಕನ್ನಡಿಯಂತೆ ನಯಗೊಳಿಸಿದರೆ ಚಕ್ರಕ್ಕೆ ಕೊಡುವ ಮರದ ತಡೆ ಜಾರುತ್ತದೆ. ಹಸಿಯಿರುವಾಗಲೇ ಗಡುಸು ಪೊರಕೆಯಿಂದ ಅಡ್ಡಗೆರೆ ಎಳೆಯಬೇಕು.

ಇವೆಲ್ಲಕ್ಕಿಂತ ಗಮನಿಸಬೇಕಾದದ್ದು ಎತ್ತರ. ಹಳೆಯದನ್ನು ಕೀಳದೆ ಮೇಲೆ ಮೇಲೆ ಹಾಕುತ್ತ ಹೋದಂತೆ ಮನೆಗಳ ಹೊಸಿಲು, ಗುಡಿಗಳ ಮೆಟ್ಟಿಲು ರಸ್ತೆಗಿಂತ ಕೆಳಗಾಗಿ, ಮಳೆಯ ನೀರು ಒಳನುಗ್ಗುತ್ತದೆ. ಹಳೆಯ ಪದರವನ್ನು ಕೆರೆದು ತೆಗೆದು, ಮೊದಲಿನ ಮಟ್ಟಕ್ಕೇ ಹೊಸದನ್ನು ಹಾಕಬೇಕೆಂದು ತಮಿಳುನಾಡಿನ ಮುಖ್ಯ ಕಾರ್ಯದರ್ಶಿಯವರು 2021ರಲ್ಲಿ ಆದೇಶಿಸಿದರು. ಡಾಂಬರಾಗಲಿ ಕಾಂಕ್ರೀಟಾಗಲಿ, ಕೆಲಸ ತೊಡಗುವ ಮುನ್ನ ಪ್ರತಿ ಹೊಸಿಲಿನ ಎತ್ತರವನ್ನು ಅಳೆದು, ಗೋಡೆಯ ಮೇಲೆ ಗುರುತು ಹಾಕಿಸಿಕೊಳ್ಳುವುದು ಆ ಮನೆಯವರಿಗೆ ಲೇಸು. ದಾರ ಹಿಡಿದು ಅಳೆಯಲು ಕಾಸು ಖರ್ಚಿಲ್ಲ.