ಕೇದಗೆ: ಹೂವಿನ ಕೀರ್ತಿ, ಎಲೆಯ ಉಪಕಾರ

ಕಾವ್ಯದಲ್ಲಿ ಹೂವಾಗಿ ಮೆರೆದು, ಬೇಲಿಯಲ್ಲಿ ಮುಳ್ಳಾಗಿ ನಿಂತ ಗಿಡ ಕೇದಗೆ. ಸಂಸ್ಕೃತದ ಕೇತಕಿಯೇ ಕನ್ನಡದ ನಾಲಗೆಯ ಮೇಲೆ ಕೇದಗೆಯಾಯಿತು. ಪೇಟೆಯ ಹೂವಿನಂಗಡಿಯಲ್ಲಿ ಅದರ ಎಸಳನ್ನು ಮಾತ್ರ ಕಂಡವರಿಗೆ ಗಿಡದ ಸ್ವರೂಪ ತಿಳಿದಿರುವುದು ಅಪರೂಪ. ಹೊಳೆಯ ದಂಡೆ, ಗದ್ದೆಯ ಅಂಚು, ಕಡಲ ಬದಿಯ ಮರಳುದಿಬ್ಬ ಇವೇ ಅದರ ತವರು. ಉಪ್ಪುಗಾಳಿಗೆ ಅದು ಅಂಜುವುದಿಲ್ಲ. ಕಾಂಡದಿಂದ ಊರುಗೋಲುಗಳಂತೆ ಬೇರುಗಳನ್ನು ಇಳಿಬಿಟ್ಟು ಸಡಿಲ ನೆಲವನ್ನು ಹಿಡಿದುಕೊಳ್ಳುತ್ತದೆ. ಉದ್ದವಾದ ಎಲೆಗಳ ಎರಡು ಅಂಚಿನಲ್ಲೂ ನಡುನರದಲ್ಲೂ ಗರಗಸದಂಥ ಮುಳ್ಳು.

ಈ ಗಿಡದಲ್ಲಿ ಗಂಡು ಬೇರೆ, ಹೆಣ್ಣು ಬೇರೆ. ನಮ್ಮ ಹೆಂಗಸರು ಮುಡಿಯುವುದು ಗಂಡು ಗಿಡದ ಹೂಗೊಂಚಲನ್ನು ಸುತ್ತಿದ ಪರಿಮಳದ ಎಸಳುಗಳನ್ನು. ಹೆಣ್ಣು ಗಿಡದ ಪಾಲಿಗೆ ಬಂದದ್ದು ಅನಾನಸನ್ನು ಹೋಲುವ ಕಾಯಿ. ಹೀಗಾಗಿ ಹೂವಿನ ಕೀರ್ತಿಯೆಲ್ಲ ಗಂಡಿಗೇ ಸಂದಿತು.

ಆ ಕೀರ್ತಿ ಬಹಳ ಹಳೆಯದು. ‘ರಘುವಂಶ’ದ ನಾಲ್ಕನೆಯ ಸರ್ಗದಲ್ಲಿ ರಘುವಿನ ಸೇನೆ ದಕ್ಷಿಣಕ್ಕೆ ಬಂದಾಗ, ಗಾಳಿ ಹೊತ್ತು ತಂದ ಕೇದಗೆಯ ಪರಾಗವೇ ಯೋಧರ ಕವಚಗಳಿಗೆ ಸುಗಂಧದ ಪುಡಿಯಾಗುತ್ತದೆ. ಹದಿಮೂರನೆಯ ಸರ್ಗದಲ್ಲಿ, ಲಂಕೆಯಿಂದ ಮರಳುವ ಸೀತೆಯ ಮುಖವನ್ನು ಕಡಲಗಾಳಿ ಅದೇ ಪರಾಗದಿಂದ ಸಿಂಗರಿಸುತ್ತದೆ. ‘ಮೇಘದೂತ’ದಲ್ಲಿ ದಶಾರ್ಣದೇಶದ ತೋಟಗಳ ಬೇಲಿ ಅರಳುತ್ತಿರುವ ಕೇದಗೆಯಿಂದ ಬೆಳ್ಳಗಾಗಿದೆ. ಮೊದಲ ಎರಡರಲ್ಲಿ ಕಾಳಿದಾಸ ಕಂಡದ್ದು ಪರಿಮಳವನ್ನು. ಮೂರನೆಯದರಲ್ಲಿ ಬಳಕೆಯನ್ನೂ ಕಂಡಿದ್ದಾನೆ. ಕೇದಗೆಯನ್ನು ಬೇಲಿಗೆ ನೆಡುವ ವಾಡಿಕೆ ಆ ಕವಿಯ ಕಾಲಕ್ಕೇ ಇತ್ತೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಪುರಾಣ ಮಾತ್ರ ಈ ಹೂವಿಗೆ ಅಷ್ಟು ಕರುಣೆ ತೋರಲಿಲ್ಲ. ಶಿವನ ತಲೆಯನ್ನು ಕಂಡೆನೆಂದ ಬ್ರಹ್ಮನ ಪರವಾಗಿ ಸುಳ್ಳುಸಾಕ್ಷಿ ನುಡಿದು ಅದು ಶಿವಪೂಜೆಗೆ ಎರವಾಯಿತೆಂಬ ಕಥೆ ಪ್ರಸಿದ್ಧವಾಗಿದೆ. ಆದರೆ ಜನರ ಪ್ರೀತಿ ಶಾಪಕ್ಕೆ ಸೋಲಲಿಲ್ಲ. ಕರಾವಳಿಯಲ್ಲಿ ನಾಗರಪಂಚಮಿಯಂದು ನಾಗನಿಗೆ ಕೇದಗೆ ಏರಿಸುತ್ತಾರೆ. ಶಿವನು ಒಲ್ಲೆನೆಂದ ಹೂವು ಅವನ ಕೊರಳ ಹಾವಿಗೆ ಪ್ರಿಯವಾಯಿತು! ಹೆಂಗಸರ ಜಡೆಯಲ್ಲಂತೂ ಹೂವು ಬಾಡಿದರೂ ಬಾಡದಿರಲೆಂದು ಅಕ್ಕಸಾಲಿಗರು ಚಿನ್ನದಲ್ಲೇ ‘ಕೇದಗೆ’ ಎಂಬ ಒಡವೆ ಮಾಡಿದರು.

ಹದಿನೇಳನೆಯ ಶತಮಾನದಲ್ಲಿ ಪರದೇಶದವರ ಕಣ್ಣು ಇದರ ಮೇಲೆ ಬಿತ್ತು. ಕೊಚ್ಚಿಯಲ್ಲಿ ಡಚ್ಚರ ಅಧಿಕಾರಿಯಾಗಿದ್ದ ವಾನ್ ರೀಡೆ, ಆಮ್‌ಸ್ಟರ್‌ಡಾಮಿನಲ್ಲಿ 1678ರಿಂದ 1693ರವರೆಗೆ ಹನ್ನೆರಡು ಸಂಪುಟಗಳಲ್ಲಿ ಪ್ರಕಟವಾದ ‘ಹೋರ್ಟಸ್ ಮಲಬಾರಿಕಸ್’ನಲ್ಲಿ ಈ ಜಾತಿಯ ಗಿಡಗಳಿಗೆ ‘ಕೈದ’ ಎಂಬ ಮಲೆಯಾಳದ ಹೆಸರನ್ನೇ ಉಳಿಸಿಕೊಂಡನು. ಆ ಗ್ರಂಥಕ್ಕೆ ನೆರವಾದವರಲ್ಲಿ ಇಟ್ಟಿ ಅಚ್ಯುತನ್ ಎಂಬ ವೈದ್ಯನೂ, ರಂಗಭಟ್ಟ, ವಿನಾಯಕ ಪಂಡಿತ, ಅಪ್ಪುಭಟ್ಟ ಎಂಬ ಮೂವರು ಕೊಂಕಣಿ ಬ್ರಾಹ್ಮಣರೂ ಇದ್ದರು. ಮುಂದೆ ಅರೇಬಿಯಕ್ಕೆ ಹೋದ ಫೋರ್ಸ್‌ಕೋಲ್ ಎಂಬ ಸಸ್ಯಶಾಸ್ತ್ರಜ್ಞ ಯೆಮೆನ್ನಿನಲ್ಲಿ 1763ರಲ್ಲಿ ತೀರಿಕೊಂಡನು. 1775ರಲ್ಲಿ ಅಚ್ಚಾದ ಅವನ ಗ್ರಂಥದಲ್ಲಿ ಕೇದಗೆಗೆ ‘ಕೇಯುರಾ ಒಡೋರಿಫೆರಾ’ ಎಂಬ ಹೆಸರಿದೆ. ಪರಿಮಳ ಬೀರುವುದೆಂದು ‘ಒಡೋರಿಫೆರಾ’ದ ಅರ್ಥ. ಇಂದಿನ ‘ಪಾಂಡಾನಸ್ ಒಡೋರಿಫರ್’ ಎಂಬ ಹೆಸರಿನಲ್ಲೂ ಆ ಮಾತು ಉಳಿದಿದೆ. ‘ಪಾಂಡಾನಸ್’ ಮಲಯ ಭಾಷೆಯ ಪದದಿಂದ ಬಂದದ್ದು.

ಪರಿಮಳವೇ ಬದುಕಾದ ಸೀಮೆ ಒಡಿಶಾದ ಗಂಜಾಂ. ಅಲ್ಲಿಯ ಕರಾವಳಿಯ ಹಳ್ಳಿಗಳಲ್ಲಿ ಹೊಲದ ಬೇಲಿಯೇ ಕೇದಗೆ. ಮಳೆಗಾಲವೇ ಹೂವಿನ ಮುಖ್ಯ ಸುಗ್ಗಿ. ತಾಮ್ರದ ಹಂಡೆಯಲ್ಲಿ ಹೂವನ್ನೂ ನೀರನ್ನೂ ತುಂಬಿ, ಬಾಯಿಗೆ ಮಣ್ಣು ಮೆತ್ತಿ, ಕೆಳಗೆ ಬೆಂಕಿಯಿಡುತ್ತಾರೆ. ಆವಿಯು ಬಿದಿರ ಕೊಳವೆಯಲ್ಲಿ ಹಾದು, ತಣ್ಣೀರಿನಲ್ಲಿಟ್ಟ ಇನ್ನೊಂದು ಪಾತ್ರೆಯಲ್ಲಿ ಇಳಿಯುತ್ತದೆ. ಆ ಪಾತ್ರೆಯಲ್ಲಿ ಗಂಧದೆಣ್ಣೆಯಿದ್ದರೆ ಸಿಗುವುದು ಅತ್ತರು. ಬರಿದಾಗಿದ್ದರೆ ಸಿಹಿತಿಂಡಿಗೂ ಬಿರಿಯಾನಿಗೂ ಹಾಕುವ ಕೇವಡಾ ನೀರು. ಗಿಡವನ್ನು ಬೀಜದಿಂದಲ್ಲ, ಕೊಂಬೆಯ ತುಂಡಿನಿಂದಲೋ ಕಂದಿನಿಂದಲೋ ಬೆಳೆಸುವುದರಿಂದ ಹೂ ಬಿಡುವ ಗಂಡು ಗಿಡವನ್ನೇ ಆರಿಸಿ ನೆಡುವುದು ಸುಲಭ.

ನಮ್ಮ ಕರಾವಳಿಯ ದಾರಿ ಬೇರೆ. ಇಲ್ಲಿ ಅಡಿಗೆಮನೆ ಮೆಚ್ಚಿದ್ದು ಎಲೆಯನ್ನು. ಕೇದಗೆಯ ದಾಯಾದಿ ಗಿಡಕ್ಕೆ ತುಳುವರು ಮುಂಡೇವು ಎನ್ನುತ್ತಾರೆ. ಅದರ ಎಲೆಯ ಮುಳ್ಳು ಹೆರೆದು, ಬೆಂಕಿಯ ಮೇಲೆ ಬಾಡಿಸಿ, ಕೊಳವೆಯಂತೆ ಸುತ್ತಿ, ಕಡ್ಡಿ ಚುಚ್ಚಿ, ಉದ್ದಿನ ಹಿಟ್ಟು ಬೆರೆತ ಅಕ್ಕಿಹಿಟ್ಟು ಹೊಯ್ದು ಬೇಯಿಸಿದರೆ ಮೂಡೆ. ಕೃಷ್ಣಾಷ್ಟಮಿಗೆ ಮೂಡೆಯಿಲ್ಲದೆ ಎಷ್ಟೋ ಮನೆಗಳಲ್ಲಿ ಹಬ್ಬವೇ ಆಗದು. ಕೇರಳದಲ್ಲಿ ಇದೇ ಕುಲದ ಎಲೆಯನ್ನು ಸೀಳಿ ಚಾಪೆ ಹೆಣೆದು ಜೀವನ ಸಾಗಿಸಿದವರು ಬಹಳ ಮಂದಿ. ಈ ಹಸ್ತಗಳ ಹೆಸರನ್ನು ಯಾವ ಕವಿಯೂ ಬರೆದಿಡಲಿಲ್ಲ.

ಈ ಇತಿಹಾಸದಿಂದ ತಿಳಿಯಬೇಕಾದ ಮಾತು ಒಂದಿದೆ. ಹೂವಿನ ಹೆಸರನ್ನು ಕಾವ್ಯ ಉಳಿಸಿತು. ಗಿಡವನ್ನು ಉಳಿಸಿದವರು ಬೇಲಿ ಕಟ್ಟಿದವರು, ಅತ್ತರು ಇಳಿಸಿದವರು, ಮೂಡೆ ಬೇಯಿಸಿದವರು. ಬೇಲಿಯ ಜಾಗಕ್ಕೆ ಸಿಮೆಂಟಿನ ಗೋಡೆ, ಹೊಳೆಯ ದಂಡೆಗೆ ಕಲ್ಲಿನ ಕಟ್ಟೆ ಬಂದಲ್ಲಿ ಪೊದೆಗೆ ಜಾಗವಿಲ್ಲ. ಹಿತ್ತಿಲಿನಿಂದ ಕೊಯ್ದು ತರುತ್ತಿದ್ದ ಎಲೆಯನ್ನು ಹಬ್ಬದ ಮುನ್ನಾದಿನ ಪೇಟೆಯಲ್ಲಿ ದುಡ್ಡು ಕೊಟ್ಟು ಕೊಳ್ಳುವ ಮನೆಗಳು ಇಂದು ಹಲವು. ಕೊಳ್ಳುವವರಿದ್ದಾರೆಂಬುದು ಒಂದು ಸಮಾಧಾನವೇ. ಆದರೆ ಕೊಯ್ಯುವುದಕ್ಕೆ ಗಿಡವೂ ಇರಬೇಕಷ್ಟೆ. ಕರಾವಳಿಯಲ್ಲಿ ತುಂಡು ನೆಲವುಳ್ಳವರು ಮಳೆ ಹಿಡಿಯುವ ಹೊತ್ತಿಗೆ ನೀರಿನಂಚಿನಲ್ಲಿ ಒಂದು ಕೊಂಬೆಯನ್ನು ಊರಿದರೆ ಸಾಕು. ಮಿಕ್ಕ ಕೆಲಸವನ್ನು ಅದರ ಬೇರುಗಳು ನೋಡಿಕೊಳ್ಳುತ್ತವೆ.