ಲ್ಯಾಪ್‌ಟಾಪ್‌ನಲ್ಲಿ ಕ್ಯಾಮೆರಾ ಪತ್ತೆಯಾಗುತ್ತಿಲ್ಲವೇ? ದುರಸ್ತಿಗೆ ಮುನ್ನ ಇವನ್ನು ಪರೀಕ್ಷಿಸಿ

ಉದ್ಯೋಗದ ಸಂದರ್ಶನಕ್ಕೆ ಇನ್ನು ಹತ್ತೇ ನಿಮಿಷ. ಪ್ರಮಾಣಪತ್ರಗಳು ಮೇಜಿನ ಮೇಲೆ ಸಿದ್ಧವಾಗಿವೆ. ಆದರೆ ಲ್ಯಾಪ್‌ಟಾಪ್‌ನ ಪರದೆಯಲ್ಲಿ ಅಭ್ಯರ್ಥಿಯ ಮುಖ ಮೂಡಬೇಕಾದ ಜಾಗದಲ್ಲಿ ‘ಕ್ಯಾಮೆರಾ ಪತ್ತೆಯಾಗಿಲ್ಲ’ ಎಂಬ ಒಕ್ಕಣೆ! 2020ರ ಲಾಕ್‌ಡೌನ್ ದಿನಗಳಿಂದೀಚೆಗೆ ಸಂದರ್ಶನ, ಪರೀಕ್ಷೆ, ವೈದ್ಯರ ಸಮಾಲೋಚನೆ, ನ್ಯಾಯಾಲಯದ ವಿಚಾರಣೆ ಇವೆಲ್ಲ ವಿಡಿಯೊ ಮೂಲಕ ನಡೆಯುವುದು ಸಾಮಾನ್ಯವಾಗಿದೆ. ಹೀಗಾಗಿ ಪರದೆಯ ನೆತ್ತಿಯ ಮೇಲಿನ ಕಾಳಿನಷ್ಟು ಗಾತ್ರದ ಈ ಕಣ್ಣು ಕೈಕೊಟ್ಟರೆ ಆಗುವ ನಷ್ಟ ಸಣ್ಣದಲ್ಲ.

ಇಂತಹ ಸಂದರ್ಭದಲ್ಲಿ ಗಾಬರಿಗೊಂಡು ವಿಂಡೋಸನ್ನೇ ಅಳಿಸಿ ಮರುಸ್ಥಾಪಿಸುವವರಿದ್ದಾರೆ. ಮದರ್‌ಬೋರ್ಡ್ ಬದಲಿಸಲು ಒಪ್ಪಿ ಸಾವಿರಾರು ರೂಪಾಯಿ ತೆರುವವರೂ ಇದ್ದಾರೆ. ನೆಗಡಿಯಾದರೆ ಮೂಗನ್ನೇ ಕೊಯ್ದುಕೊಂಡಂತೆ ಆಗಬಾರದಲ್ಲವೇ? ಕ್ರಮವಾಗಿ ಪರೀಕ್ಷಿಸಿದರೆ ದೋಷ ಎಲ್ಲಿದೆ ಎಂಬುದನ್ನು ಮನೆಯಲ್ಲೇ ಬಹುಮಟ್ಟಿಗೆ ಗುರುತಿಸಬಹುದು.

ಒಳಗಿನ ವ್ಯವಸ್ಥೆ

ಲ್ಯಾಪ್‌ಟಾಪ್‌ನ ಕ್ಯಾಮೆರಾ ಹೊರನೋಟಕ್ಕೆ ಯಂತ್ರದ ಅವಿಭಾಜ್ಯ ಅಂಗದಂತೆ ಕಂಡರೂ ಹೆಚ್ಚಿನ ಮಾದರಿಗಳಲ್ಲಿ ಅದು ಒಳಗಡೆ ಜೋಡಿಸಿದ ಒಂದು ಯುಎಸ್‌ಬಿ ಸಾಧನವಷ್ಟೆ. ಅದರಿಂದ ಹೊರಟ ತೆಳುವಾದ ಕೇಬಲ್ ಪರದೆಯ ಕೀಲಿನ ಮೂಲಕ ಹಾದು ಮದರ್‌ಬೋರ್ಡ್ ಸೇರುತ್ತದೆ. 2003ರಲ್ಲಿ ಯುಎಸ್‌ಬಿ ಕ್ಯಾಮೆರಾಗಳಿಗಾಗಿ ಒಂದು ಸಾಮಾನ್ಯ ಮಾನಕ ರೂಪುಗೊಂಡಿತು. ಅದನ್ನು ಪಾಲಿಸುವ ಕ್ಯಾಮೆರಾಗಳಿಗೆ ವಿಂಡೋಸ್ ಮತ್ತು ಲಿನಕ್ಸ್‌ಗಳಲ್ಲಿ ಮೊದಲೇ ಇರುವ ಡ್ರೈವರ್ ಸಾಕಾಗುತ್ತದೆ. ಇತ್ತೀಚಿನ ಕೆಲವು ತೆಳು ಲ್ಯಾಪ್‌ಟಾಪ್‌ಗಳ ಕ್ಯಾಮೆರಾಗಳು ಮಾತ್ರ ಯುಎಸ್‌ಬಿ ಬಿಟ್ಟು ನೇರವಾಗಿ ಪ್ರೊಸೆಸರ್‌ನ ಚಿತ್ರ ಸಂಸ್ಕರಣ ಘಟಕಕ್ಕೆ ಜೋಡಣೆಯಾಗಿದ್ದು, ಅವುಗಳಿಗೆ ತಯಾರಕರ ಡ್ರೈವರ್ ಅನಿವಾರ್ಯ.

ಮೊದಲು ದೋಷದ ಬಗೆ ತಿಳಿಯಿರಿ

ಚಿತ್ರ ಕಪ್ಪಾಗಿ ಬಂದರೆ ಕ್ಯಾಮೆರಾ ಪತ್ತೆಯಾಗಿದೆ, ಆದರೆ ಮುಚ್ಚಳ ಅಡ್ಡವಿರಬಹುದು ಎಂದರ್ಥ. ‘ಕ್ಯಾಮೆರಾ ಬಳಕೆಯಲ್ಲಿದೆ’ ಎಂಬ ಸಂದೇಶ ಬಂದರೆ ಮತ್ತೊಂದು ತಂತ್ರಾಂಶ ಅದನ್ನು ಹಿಡಿದಿಟ್ಟುಕೊಂಡಿದೆ. ಅದನ್ನು ಮುಚ್ಚಿದರೆ ಸಾಕು. ವಿಂಡೋಸ್‌ನ ಕ್ಯಾಮೆರಾ ತಂತ್ರಾಂಶವು 4244 ಎಂಬ ಅಂಕಿಗಳಿಂದ ಕೊನೆಗೊಳ್ಳುವ ದೋಷಸಂಖ್ಯೆ ತೋರಿಸಿದರೆ ಮಾತ್ರ ವ್ಯವಸ್ಥೆಗೆ ಕ್ಯಾಮೆರಾ ಸಿಕ್ಕಿಲ್ಲವೆಂದು ಭಾವಿಸಬೇಕು. ಈ ತಂತ್ರಾಂಶದಲ್ಲಿ ಚಿತ್ರ ಸರಿಯಾಗಿ ಬಂದು, ಸಭೆಯ ತಂತ್ರಾಂಶದಲ್ಲಷ್ಟೇ ಬಾರದಿದ್ದರೆ ದೋಷ ಆ ತಂತ್ರಾಂಶದ ಅಥವಾ ಬ್ರೌಸರ್‌ನ ಅನುಮತಿಯಲ್ಲಿದೆ.

ಪರೀಕ್ಷೆಯ ಕ್ರಮ

1. ಗುಂಡಿ ಮತ್ತು ಮುಚ್ಚಳ: ಅನೇಕ ಲ್ಯಾಪ್‌ಟಾಪ್‌ಗಳ ಕೀಲಿಮಣೆಯ ಮೇಲ್ಸಾಲಿನಲ್ಲಿ ಕ್ಯಾಮೆರಾ ಚಿಹ್ನೆಯುಳ್ಳ ಕೀಲಿ ಇರುತ್ತದೆ. ಕೆಲವು ಮಾದರಿಗಳಲ್ಲಿ ಯಂತ್ರದ ಪಕ್ಕದಲ್ಲಿ ಸಣ್ಣ ಸ್ವಿಚ್ ಇರುತ್ತದೆ. ಈ ಸ್ವಿಚ್ ಕ್ಯಾಮೆರಾದ ಸಂಪರ್ಕವನ್ನೇ ಕಡಿಯುವುದರಿಂದ ಅದು ವಿಂಡೋಸ್‌ನ ಪಟ್ಟಿಯಿಂದಲೇ ಮಾಯವಾಗುತ್ತದೆ. ಚೀಲದಿಂದ ಹೊರತೆಗೆಯುವಾಗ ಕೈತಾಗಿ ಸ್ವಿಚ್ ಸರಿಯುವುದುಂಟು. ಆದ್ದರಿಂದ ಮೊದಲ ಪರೀಕ್ಷೆ ಇದೇ ಆಗಿರಲಿ.

2. ಮರುಚಾಲನೆ: ‘ಷಟ್ ಡೌನ್’ ಮಾಡಿ ಮತ್ತೆ ಆರಂಭಿಸಿದರೆ ಸಾಲದು. ವಿಂಡೋಸ್‌ನ ಶೀಘ್ರ ಆರಂಭದ ಸೌಲಭ್ಯ ಚಾಲ್ತಿಯಲ್ಲಿದ್ದಾಗ ವ್ಯವಸ್ಥೆಯ ಹಳೆಯ ಸ್ಥಿತಿಯ ಒಂದು ಭಾಗ ಹಾಗೆಯೇ ಉಳಿದಿರುತ್ತದೆ. ‘ರೀಸ್ಟಾರ್ಟ್’ ಆಯ್ಕೆಯನ್ನೇ ಬಳಸಬೇಕು. ಅದರಿಂದಲೂ ಪ್ರಯೋಜನವಾಗದಿದ್ದರೆ ಯಂತ್ರವನ್ನು ಆರಿಸಿ, ಚಾರ್ಜರ್ ಬಿಡಿಸಿ, ಪವರ್ ಗುಂಡಿಯನ್ನು ಸುಮಾರು 30 ಸೆಕೆಂಡ್ ಒತ್ತಿ ಹಿಡಿಯಿರಿ.

3. ಅನುಮತಿ: ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್ ತೆರೆದು ‘ಪ್ರೈವೆಸಿ ಆ್ಯಂಡ್ ಸೆಕ್ಯುರಿಟಿ’ ವಿಭಾಗದ ‘ಕ್ಯಾಮೆರಾ’ ಪುಟಕ್ಕೆ ಹೋಗಿ. ಅಲ್ಲಿ ಇಡೀ ಯಂತ್ರಕ್ಕೆ, ಆ್ಯಪ್‌ಗಳಿಗೆ ಹಾಗೂ ಡೆಸ್ಕ್‌ಟಾಪ್ ತಂತ್ರಾಂಶಗಳಿಗೆ ಪ್ರತ್ಯೇಕ ಅನುಮತಿಗಳಿವೆ. ಮೂರೂ ಚಾಲ್ತಿಯಲ್ಲಿರಬೇಕು. ಕೆಲವು ಆ್ಯಂಟಿವೈರಸ್‌ಗಳೂ ಕ್ಯಾಮೆರಾವನ್ನು ತಡೆಹಿಡಿಯುತ್ತವೆ. ಕಚೇರಿ ಕೊಟ್ಟ ಲ್ಯಾಪ್‌ಟಾಪ್ ಆದರೆ ಸಂಸ್ಥೆಯ ತಾಂತ್ರಿಕ ವಿಭಾಗವೇ ಅದನ್ನು ನಿರ್ಬಂಧಿಸಿರಬಹುದು. ಅಲ್ಲಿ ವಿಚಾರಿಸುವುದೇ ದಾರಿ.

4. ಡಿವೈಸ್ ಮ್ಯಾನೇಜರ್: ಸ್ಟಾರ್ಟ್ ಗುಂಡಿಯ ಮೇಲೆ ಬಲಗ್ಲಿಕ್ ಮಾಡಿದರೆ ಇದು ದೊರೆಯುತ್ತದೆ. ‘ಕ್ಯಾಮೆರಾಸ್’ ಅಥವಾ ‘ಇಮೇಜಿಂಗ್ ಡಿವೈಸಸ್’ ವಿಭಾಗ ನೋಡಿ. ಕ್ಯಾಮೆರಾ ಹೆಸರಿನ ಪಕ್ಕ ಕೆಳಮುಖದ ಬಾಣವಿದ್ದರೆ ಅದನ್ನು ಯಾರೋ ನಿಷ್ಕ್ರಿಯಗೊಳಿಸಿದ್ದಾರೆ. ‘ಎನೇಬಲ್’ ಮಾಡಿದರೆ ಕೆಲಸ ಮುಗಿಯಿತು. ಹಳದಿ ತ್ರಿಕೋನವಿದ್ದರೆ ಡ್ರೈವರ್ ದೋಷದ ಸಾಧ್ಯತೆ ಹೆಚ್ಚು. ಹೆಸರೇ ಇಲ್ಲದಿದ್ದರೆ ‘ವ್ಯೂ’ ಪಟ್ಟಿಯಲ್ಲಿ ಅಡಗಿದ ಸಾಧನಗಳನ್ನು ತೋರಿಸುವ ಆಯ್ಕೆಯನ್ನೂ, ‘ಆ್ಯಕ್ಷನ್’ ಪಟ್ಟಿಯಲ್ಲಿ ಯಂತ್ರಾಂಶದ ಬದಲಾವಣೆ ಹುಡುಕುವ ಆಯ್ಕೆಯನ್ನೂ ಬಳಸಿ.

5. ಡ್ರೈವರ್: ವಿಂಡೋಸ್ ಪರಿಷ್ಕರಣೆಯ ಮರುದಿನದಿಂದಲೇ ಕ್ಯಾಮೆರಾ ನಿಂತಿದ್ದರೆ ‘ರೋಲ್ ಬ್ಯಾಕ್ ಡ್ರೈವರ್’ ಮೂಲಕ ಹಿಂದಿನ ಆವೃತ್ತಿಗೆ ಮರಳಿ. ಪರಿಷ್ಕರಣೆಯಿಂದ ಕ್ಯಾಮೆರಾ ಕೆಡುವುದು ಹೊಸದೇನಲ್ಲ. 2016ರ ಆಗಸ್ಟ್‌ನಲ್ಲಿ ಬಂದ ವಿಂಡೋಸ್ 10ರ ವಾರ್ಷಿಕೋತ್ಸವ ಆವೃತ್ತಿಯ ಬಳಿಕ ಅನೇಕರ ವೆಬ್‌ಕ್ಯಾಮೆರಾಗಳು ಸ್ತಬ್ಧಗೊಂಡಿದ್ದವು. ಅಲ್ಲಿ ದೋಷವಿದ್ದದ್ದು ತಂತ್ರಾಂಶದಲ್ಲೇ ಹೊರತು ಕ್ಯಾಮೆರಾದಲ್ಲಲ್ಲ. ಹಿಂದಿನ ಆವೃತ್ತಿ ಲಭ್ಯವಿಲ್ಲದಿದ್ದರೆ ಸಾಧನವನ್ನು ‘ಅನ್‌ಇನ್‌ಸ್ಟಾಲ್’ ಮಾಡಿ ಯಂತ್ರವನ್ನು ಮರುಚಾಲನೆ ಮಾಡಿ. ಹೊಸ ಡ್ರೈವರ್ ಬೇಕಾದರೆ ಲ್ಯಾಪ್‌ಟಾಪ್ ತಯಾರಕರ ಜಾಲತಾಣದಿಂದ, ನಿಖರ ಮಾದರಿ ಸಂಖ್ಯೆ ನಮೂದಿಸಿ ಪಡೆಯತಕ್ಕದ್ದು.

6. ಬಯಾಸ್: ಯಂತ್ರ ಆರಂಭವಾಗುವಾಗ ಎಫ್2, ಎಫ್10 ಅಥವಾ ಡಿಲೀಟ್ ಕೀಲಿ ಒತ್ತಿದರೆ (ತಯಾರಕರಿಗೆ ತಕ್ಕಂತೆ ಕೀಲಿ ಬೇರೆ) ಬಯಾಸ್ ತೆರೆಯುತ್ತದೆ. ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ಕ್ಯಾಮೆರಾವನ್ನು ಇಲ್ಲಿಂದಲೇ ನಿಷ್ಕ್ರಿಯಗೊಳಿಸಬಹುದು. ಇಲ್ಲಿ ಅದು ಸ್ಥಗಿತವಾಗಿದ್ದರೆ ವಿಂಡೋಸ್‌ನಲ್ಲಿ ಎಷ್ಟು ಹುಡುಕಿದರೂ ಸಿಗದು.

ಮ್ಯಾಕ್‌ಬುಕ್ ಬಳಕೆದಾರರು ಪ್ರತ್ಯೇಕ ಡ್ರೈವರ್ ಹುಡುಕಬೇಕಿಲ್ಲ. ಸಿಸ್ಟಂ ಸೆಟ್ಟಿಂಗ್ಸ್‌ನಲ್ಲಿ ಕ್ಯಾಮೆರಾ ಅನುಮತಿ ಹಾಗೂ ‘ಸ್ಕ್ರೀನ್ ಟೈಮ್’ ನಿರ್ಬಂಧಗಳನ್ನು ಪರೀಕ್ಷಿಸಬೇಕು. ‘ಸಿಸ್ಟಂ ಇನ್ಫರ್ಮೇಷನ್’ನ ಕ್ಯಾಮೆರಾ ವಿಭಾಗ ಖಾಲಿಯಿದ್ದರೆ ಸೇವಾ ಕೇಂದ್ರಕ್ಕೆ ಒಯ್ಯುವುದು ಲೇಸು.

ತಂತ್ರಾಂಶವೋ ಯಂತ್ರಾಂಶವೋ?

ಇಷ್ಟಾದರೂ ಸಂದೇಹ ಉಳಿದರೆ ಖರ್ಚಿಲ್ಲದ ಪರೀಕ್ಷೆಯೊಂದಿದೆ. ಉಬುಂಟುವಿನಂತಹ ಲಿನಕ್ಸ್ ಆವೃತ್ತಿಯನ್ನು ಪೆನ್‌ಡ್ರೈವ್‌ನಲ್ಲಿ ಸಿದ್ಧಪಡಿಸಿಕೊಂಡು, ಯಂತ್ರದಲ್ಲಿ ಸ್ಥಾಪಿಸದೆಯೇ ಅದರಿಂದ ಲ್ಯಾಪ್‌ಟಾಪನ್ನು ಆರಂಭಿಸಿ. ಅಲ್ಲಿ ಕ್ಯಾಮೆರಾ ಕೆಲಸ ಮಾಡಿದರೆ ದೋಷ ವಿಂಡೋಸ್‌ನದು. ಯುಎಸ್‌ಬಿ ಕ್ಯಾಮೆರಾ ಅಲ್ಲಿಯೂ ಕಾಣಿಸದಿದ್ದರೆ ಕೇಬಲ್ ಅಥವಾ ಕ್ಯಾಮೆರಾ ಭಾಗದ ಮೇಲೆ ಅನುಮಾನ ಪಡಬಹುದು. ಪರದೆಯನ್ನು ಮುಂದಕ್ಕೆ ಹಿಂದಕ್ಕೆ ಬಾಗಿಸಿದಾಗ ಕ್ಯಾಮೆರಾ ಬಂದು ಹೋಗುತ್ತಿದ್ದರೆ ಕೀಲಿನ ಬಳಿ ಕೇಬಲ್ ಸವೆದಿರುವ ಸಂಭವ ಹೆಚ್ಚು. ಡಿವೈಸ್ ಮ್ಯಾನೇಜರ್‌ನಲ್ಲಿ ‘ಅಪರಿಚಿತ ಯುಎಸ್‌ಬಿ ಸಾಧನ’ ಮತ್ತು 43 ಎಂಬ ಸಂಕೇತ ಪದೇ ಪದೇ ಕಾಣಿಸಿಕೊಳ್ಳುವುದೂ ಇದೇ ದಿಕ್ಕಿನ ಸೂಚನೆ. ಇದಕ್ಕೆ ಕೇಬಲ್ ಅಥವಾ ಕ್ಯಾಮೆರಾ ಭಾಗ ಬದಲಿಸಿದರೆ ಸಾಕಾಗಬಹುದು. ಮದರ್‌ಬೋರ್ಡ್ ಬದಲಿಸಬೇಕೆಂದು ಹೇಳಿದರೆ ಕಾರಣ ಕೇಳುವ ಹಕ್ಕು ಗ್ರಾಹಕರಿಗಿದೆ.

ಎಚ್ಚರಿಕೆಯ ಮಾತು

ಕ್ಯಾಮೆರಾ ಕೆಟ್ಟದ್ದಕ್ಕಿಂತ ದೊಡ್ಡ ಅನಾಹುತ, ಅದನ್ನು ಸರಿಪಡಿಸುವ ಹೆಸರಿನಲ್ಲಿ ಆಗಬಹುದು. ಅಂತರ್ಜಾಲದಲ್ಲಿ ಹುಡುಕಿ ಸಿಕ್ಕ ‘ಸಹಾಯವಾಣಿ’ಗೆ ಕರೆ ಮಾಡಿ, ಅವರು ಹೇಳಿದ ದೂರನಿಯಂತ್ರಣ ತಂತ್ರಾಂಶವನ್ನು ಸ್ಥಾಪಿಸಿದರೆ ಇಡೀ ಯಂತ್ರ ಅಪರಿಚಿತರ ಕೈಗೆ ಹೋಗುತ್ತದೆ, ಅದರ ಹಿಂದೆಯೇ ಬ್ಯಾಂಕ್ ಖಾತೆಯೂ. ಸಂಪರ್ಕ ಸಂಖ್ಯೆಯನ್ನು ತಯಾರಕರ ಅಧಿಕೃತ ತಾಣದಿಂದಲೇ ಪಡೆಯಬೇಕು. ಹಣ ಕಳೆದುಕೊಂಡಲ್ಲಿ ತಡಮಾಡದೆ ರಾಷ್ಟ್ರೀಯ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಿ ದೂರು ದಾಖಲಿಸಬೇಕು. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಕೊನೆಗೊಂಡಿರುವುದನ್ನೂ ಹಳೆಯ ಯಂತ್ರದ ಬಳಕೆದಾರರು ಗಮನಿಸಬೇಕು. ಲ್ಯಾಪ್‌ಟಾಪನ್ನು ದುರಸ್ತಿಗೆ ಕೊಡುವ ಮುನ್ನ ಮುಖ್ಯ ಕಡತಗಳ ಪ್ರತಿ ತೆಗೆದಿಟ್ಟುಕೊಳ್ಳುವುದನ್ನು ಮರೆಯಬಾರದು.

ಸಮಯವೇ ಇಲ್ಲದಿದ್ದರೆ?

ಸಂದರ್ಶನದ ಹೊತ್ತಿಗೆ ದುರಸ್ತಿಗೆ ಕೂರುವುದು ಜಾಣತನವಲ್ಲ. ಸಭೆಯ ಕೊಂಡಿಯನ್ನು ಮೊಬೈಲ್‌ನಲ್ಲಿ ತೆರೆದು ಪಾಲ್ಗೊಳ್ಳಬಹುದು. ಹೊರಗಿನಿಂದ ಜೋಡಿಸುವ ಯುಎಸ್‌ಬಿ ಕ್ಯಾಮೆರಾ ಬಳಸಬಹುದು. 2022ರಲ್ಲಿ ಬಂದ ಮ್ಯಾಕ್‌ಒಎಸ್ ವೆಂಚುರಾದಿಂದೀಚೆಗೆ ಐಫೋನನ್ನೇ ಮ್ಯಾಕ್‌ನ ಕ್ಯಾಮೆರಾ ಆಗಿಸುವ ಸೌಲಭ್ಯವಿದೆ; ಆಂಡ್ರಾಯ್ಡ್ 14ರಿಂದ ಹಲವು ಫೋನ್‌ಗಳನ್ನೂ ಯುಎಸ್‌ಬಿ ಕ್ಯಾಮೆರಾದಂತೆ ಬಳಸಬಹುದಾಗಿದೆ. ನಿಗಾ ತಂತ್ರಾಂಶದಡಿ ನಡೆಯುವ ಪರೀಕ್ಷೆಗಳಲ್ಲಿ ಮಾತ್ರ ಈ ಬದಲಿಗಳಿಗೆ ಒಪ್ಪಿಗೆ ಇರದಿರಬಹುದು. ಹಾಗಾಗಿ ಅಂತಹ ದಿನಕ್ಕೆ ಮುನ್ನಾದಿನವೇ ಕ್ಯಾಮೆರಾವನ್ನೊಮ್ಮೆ ತೆರೆದು ನೋಡಿಕೊಳ್ಳುವುದು ಒಳಿತು. ಐದು ನಿಮಿಷದ ಆ ಪರೀಕ್ಷೆ, ಮರುದಿನದ ಅವಕಾಶವೊಂದನ್ನು ಉಳಿಸಬಲ್ಲದು.